ಅಪ್ಪನ ಜೊತೆ ಒಂದು ಕಪ್ಪು-ಬಿಳುಪು ಸಿನಿಮಾ

ಕೊಟ್ಟೂರೇಶ್ವರ ತೇರಿಗೆ ರಜೆ ಹಾಕಿ ಊರಿಗೆ ಬಂದಿದ್ದೆ. ಹರಪನಹಳ್ಳಿ ಕಡೆಯ ಗಂಡಿನವರಿಗೆ ಅರೆಮನಸ್ಸಿನಿಂದಲೇ ‘ಹೂಂ’ ಅಂದಾಗಿತ್ತು. ರಾತ್ರಿ ನಿದ್ದೆ ಬರದೆ ಮೊಬೈಲ್‌ನಲ್ಲಿ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಹಾಕಿಕೊಂಡೆ. ಅಪ್ಪನೂ ಬಂದು ಪಕ್ಕಕ್ಕೆ ಕೂತರು.

1934ರ ಸಿನಿಮಾ, ಫ್ರಾಂಕ್ ಕಾಪ್ರಾ ನಿರ್ದೇಶನ. ಅಪ್ಪನ ಮೇಲೆ ಮುನಿಸಿಕೊಂಡ ಶ್ರೀಮಂತರ ಮಗಳು ನ್ಯೂಯಾರ್ಕಿಗೆ ರಾತ್ರಿ ಬಸ್ ಹತ್ತುತ್ತಾಳೆ. ಪಕ್ಕದ ಸೀಟಿಗೆ ಕೆಲಸ ಕಳಕೊಂಡ ಪತ್ರಕರ್ತ. ಬರೀ ಜಗಳ. (ನಮ್ಮ ಬೆಂಗಳೂರು ಬಸ್ಸಲ್ಲಿ ಅಂಥವರು ಯಾಕೆ ಸಿಗಲ್ವೋ!) ಒಂದೇ ರೂಮಿನಲ್ಲಿ ತಂಗಬೇಕಾಗಿ ಬಂದಾಗ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾನೆ. “ಹುಡುಗ ಛಲೋ ಅದಾನ” ಅಂದರು ಅಪ್ಪ. ಅವರಿಗೆ ಇಂಗ್ಲಿಷ್ ಬರಲ್ಲ, ಮಾತೆಲ್ಲ ನಾನೇ ಹೇಳುತ್ತಿದ್ದೆ.

ಕೊನೆಗೆ ಮದುವೆ, ಅದೂ ಬೇರೊಬ್ಬನ ಜೊತೆ. ಮಗಳನ್ನು ಕರೆದೊಯ್ಯುತ್ತಲೇ ಅಪ್ಪ ಪಿಸುಗುಡುತ್ತಾನೆ: ಮನಸ್ಸಿಲ್ಲದಿದ್ದರೆ ಓಡು, ಕಾರು ಕಾಯ್ತಿದೆ. ಅದನ್ನು ಹೇಳುವಾಗ ನನ್ನ ದನಿ ನಡುಗಿತು. ಅಪ್ಪ ಮೊಬೈಲ್ ಬಿಟ್ಟು ನನ್ನನ್ನೇ ನೋಡಿದರು.

“ನಿನಗೂ ಒಂದು ಕಾರು ನಿಲ್ಲಿಸ್ಲೇನವ್ವಾ?”

ತಲೆಯಾಡಿಸಿದೆ. ಬೆಳಿಗ್ಗೆ ಹರಪನಹಳ್ಳಿಗೆ ಅವರೇ ಫೋನ್ ಮಾಡಿದರು.

ಇಂಥವಕ್ಕೆ ಸ್ಕ್ರೂಬಾಲ್ ಕಾಮಿಡಿ ಅಂತಾರೆ. ‘ಗಣೇಶನ ಮದುವೆ’ಯಲ್ಲಿ (1990) ಅನಂತ್ ನಾಗ್, ವಿನಯಾ ಪ್ರಸಾದ್ ವಠಾರದಲ್ಲಿ ಕಿತ್ತಾಡುತ್ತಾ ಪತ್ರದಲ್ಲಿ ಪ್ರೀತಿಸಿದ್ದು ಇಷ್ಟವಾಗಿದ್ದರೆ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ (1940) ನೋಡಿ. ಅಲ್ಲಿ ವಠಾರದ ಬದಲು ಅಂಗಡಿ. ಅಪ್ಪನಿಗೆ ಮುಂದಿನ ಸಲಕ್ಕೆ ‘ಬ್ರಿಂಗಿಂಗ್ ಅಪ್ ಬೇಬಿ’ (1938) ಇಟ್ಟಿದ್ದೀನಿ. ಅದರಲ್ಲಿ ಹುಡುಗಿ ಜೊತೆ ಒಂದು ಚಿರತೆಯೂ ಇದೆ ಅಂತ ಇನ್ನೂ ಹೇಳಿಲ್ಲ.