ದೇವಾಲಯದ ಅಂಗಳದ ಬಾಳೆಗೊನೆ

ಆದಿತ್ಯವಾರದ ಮುಂಜಾನೆ ಏಳೂವರೆಗೆ ಮೊದಲನೆಯ ಗಂಟೆ. ಅದು ಯಾರನ್ನೂ ಅವಸರಪಡಿಸುವುದಿಲ್ಲ. ಬಚ್ಚಲ ಒಲೆಗೆ ಇನ್ನೊಂದು ಕೊರಡನ್ನು ನೂಕಿರಿ, ಮಗುವಿನ ತಲೆ ಬಾಚಿರಿ, ಇಸ್ತ್ರಿ ಮಾಡಿದ ಅಂಗಿ ಎಲ್ಲಿದೆಯೆಂದು ಹುಡುಕಿರಿ ಎಂದಷ್ಟೇ ಹೇಳಿ ಸುಮ್ಮನಾಗುವ ಗಂಟೆ ಅದು. ಎಂಟಕ್ಕೆ ಎರಡನೆಯದು. ಅದರ ದನಿಯಲ್ಲಿ ಕೊಂಚ ಗದರಿಕೆಯುಂಟು. ಎರಡನೆಯ ಗಂಟೆ ನಿಂತ ಮೇಲೆ ಬಾಗಿಲಲ್ಲಿ ಕಾಲಿಡುವವರು ಎಷ್ಟು ಮೆಲ್ಲಗೆ ಹೆಜ್ಜೆಯಿಟ್ಟರೂ ಅವರ ಚಪ್ಪಲಿಯ ಸದ್ದು ಬಲಿಪೀಠದವರೆಗೆ ಕೇಳಿಸುತ್ತದೆಂಬುದು ಆ ಊರಿನ ಕ್ರೈಸ್ತರೆಲ್ಲರ ಅನುಭವ.

ಮಂಗಳೂರಿನಿಂದ ಬಡಗಣಕ್ಕೆ ಹೋಗುವ ಹೆದ್ದಾರಿಯಿಂದ ತುಸು ಒಳಗೆ, ತೆಂಗಿನ ತೋಟಗಳ ನಡುವೆ ಇರುವ ಹಳೆಯ ದೇವಾಲಯ ಅದು. ಎತ್ತರವಾದ ಹಂಚಿನ ಮಾಡು, ಸುಣ್ಣ ಬಳಿದ ಗೋಡೆ, ಮೂರು ತಲೆಮಾರುಗಳ ಬೆನ್ನು ತಾಕಿ ನುಣುಪಾದ ಬೆಂಚುಗಳು. ಒಳಗೆ ವಿಗ್ರಹವಿಲ್ಲ, ಚಿತ್ರವಿಲ್ಲ. ಒಂದು ಮರದ ಶಿಲುಬೆ, ತೆರೆದಿಟ್ಟ ಒಂದು ಬೈಬಲು, ಎರಡು ಹೂದಾನಿ. ಹೂವುಗಳು ಮಾತ್ರ ವಾರವಾರವೂ ಬೇರೆ. ಯಾರ ಮನೆಯ ಸರದಿ ಎಂಬುದನ್ನು ದಾಸವಾಳವೋ ಸುಗಂಧರಾಜವೋ ಎಂಬುದರಿಂದಲೇ ಹೆಂಗಸರು ಊಹಿಸಬಲ್ಲರು.

ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಮೋಗ್ಲಿಂಗ್ ಬಂದರು. 1843ರಲ್ಲಿ ಅವರು ಹೊರಡಿಸಿದ 'ಮಂಗಳೂರ ಸಮಾಚಾರ'ದಿಂದ ಕನ್ನಡ ಪತ್ರಿಕೆಗಳ ಇತಿಹಾಸ ಮೊದಲಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ದೇವಾಲಯದ ಬೆಂಚುಗಳ ಮೇಲೆ ಕುಳಿತುಕೊಳ್ಳುವವರ ಅಜ್ಜಂದಿರ ಬದುಕಿಗೆ ಪತ್ರಿಕೆಗಿಂತ ಹಂಚೇ ಹತ್ತಿರದ್ದು. ಮತವನ್ನು ಬದಲಿಸಿದವರಲ್ಲಿ ಅನೇಕರು ಕುಟುಂಬದ ಆಸರೆಯನ್ನೂ ಕುಲಕಸುಬನ್ನೂ ಒಟ್ಟಿಗೆ ಕಳೆದುಕೊಂಡರು. ಶೇಂದಿ ಇಳಿಸುವ ಕಸುಬನ್ನಂತೂ ಮಿಷನ್ನಿನವರು ಒಪ್ಪುತ್ತಿರಲಿಲ್ಲ. ಅವರಿಗೆ ಅನ್ನದ ದಾರಿಯೊಂದು ಬೇಕಾಗಿತ್ತು. ಮುದ್ರಣಾಲಯ, ನೇಯ್ಗೆಯ ಮಗ್ಗ, ಕೊನೆಗೆ 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ತೊಡಗಿದ ಹಂಚಿನ ಕಾರ್ಖಾನೆ, ಹೀಗೆ ಒಂದೊಂದಾಗಿ ಹುಟ್ಟಿಕೊಂಡವು. 1914ರ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ಹೊರಡಬೇಕಾಯಿತು, ಕಾರ್ಖಾನೆಗಳು ಪರರ ಕೈ ಸೇರಿದವು; ಸಭೆಗಳು ಮಾತ್ರ ಉಳಿದವು. ಆರಾಧನೆಯ ನಡುವೆ ಬೇಸರಗೊಂಡು ಮೇಲೆ ನೋಡುವ ಹುಡುಗನಿಗೆ ಕಾಣುವ ಹಂಚು ಅವನ ಮುತ್ತಜ್ಜನೇ ಮಣ್ಣು ತುಳಿದು ಮಾಡಿದ್ದಿರಬಹುದು.

ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ: ಇದು ಅಲ್ಲಿಯ ವಾಡಿಕೆ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಅಚ್ಚಾಗಿದ್ದರೂ ಬಲಿಪೀಠದ ಮಾತು ಕನ್ನಡವಾಗಿಯೇ ಉಳಿಯಿತು. ಅಂಗಳದಲ್ಲಿ ಬಂಗುಡೆ ಮೀನಿನ ಬೆಲೆಯನ್ನು ತುಳುವಿನಲ್ಲಿ ಆಡಿಕೊಳ್ಳುತ್ತಿದ್ದವರು ಹೊಸ್ತಿಲು ದಾಟಿದೊಡನೆ ಕರ್ತನು, ಸುವಾರ್ತೆ, ಪರಲೋಕ, ರಕ್ಷಣೆ ಎಂಬ ಮಡಿಮಾತುಗಳನ್ನು ಉಟ್ಟುಕೊಳ್ಳುತ್ತಾರೆ. ಅಕ್ಷರ ಬಾರದ ಮುದುಕಿಯ ಬಾಯಲ್ಲಿ 'ಅನುಗ್ರಹಿಸೋಣವಾಗಲಿ' ಎಂಬ ಶಬ್ದ ಒಂದು ಅಕ್ಷರವೂ ಜಾರದೆ ಬರುವುದನ್ನು ಕೇಳಿದರೆ ಯಾವ ಕನ್ನಡ ಪಂಡಿತನಿಗೂ ಸಂತೋಷವಾದೀತು. ಸಂಗೀತದ ಮಾತು ಬೇರೆ. ಹಾಡುಗಳಲ್ಲಿ ಅರ್ಧ ಜರ್ಮನಿಯ ಧಾಟಿಯವು, ನಿಧಾನವಾಗಿ, ದಪ್ಪ ಹೆಜ್ಜೆಯಿಟ್ಟು ನಡೆಯುವವು. ಕನ್ನಡ ಶಬ್ದಗಳು ಅವುಗಳೊಳಗೆ ಬಿಗಿಯಾದ ಬೂಟಿನೊಳಗಿನ ಕಾಲಿನಂತೆ ಇಕ್ಕಟ್ಟಿನಲ್ಲಿರುತ್ತವೆ. ನಿಘಂಟುಕಾರ ಕಿಟ್ಟೆಲರಿಗೆ ಇದು ತಿಳಿಯದೆ ಇರಲಿಲ್ಲ. 1862ರಷ್ಟು ಹಿಂದೆಯೇ ಅವರು 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಛಂದಸ್ಸಿಗೆ ಹೊಂದಿಸಿದ್ದರು. ಆದರೂ ಧಾಟಿಯನ್ನು ಬದಲಿಸಬೇಕೆಂದು ಯಾರಾದರೂ ಸೂಚಿಸಿದರೆ ಮೊದಲು ಎದ್ದು ನಿಂತು ಬೇಡವೆನ್ನುವವರು ಆ ಮುದುಕಿಯರೇ. ಬಾಲ್ಯದಲ್ಲಿ ಕಚ್ಚಿದ ಬೂಟು ಮುಪ್ಪಿನಲ್ಲಿ ಹಿತವಾಗಿರುತ್ತದೆಯೋ ಏನೋ.

ಆರಾಧನೆ ಒಂದೂವರೆ ಗಂಟೆ. ಹಾಡು, ಪಾಪದ ಅರಿಕೆ, ವೇದಪಾಠ, ಪ್ರಸಂಗ, ಕಾಣಿಕೆ, ಪ್ರಕಟಣೆ, ಆಶೀರ್ವಾದ. ಇವುಗಳಲ್ಲಿ ಪ್ರಸಂಗಕ್ಕಿಂತ ಪ್ರಕಟಣೆಯನ್ನು ಜನರು ಹೆಚ್ಚು ಗಮನವಿಟ್ಟು ಕೇಳುತ್ತಾರೆಂದರೆ ಅಯ್ಯನವರು ನೊಂದುಕೊಳ್ಳಬಾರದು. ಯಾರ ಮಗಳಿಗೂ ಯಾರ ಮಗನಿಗೂ ವಿವಾಹ ನಿಶ್ಚಯವಾಗಿದೆ, ಆಕ್ಷೇಪವಿದ್ದವರು ತಿಳಿಸಬೇಕೆಂದು ಒಂದರ ಮೇಲೊಂದು ಮೂರು ಆದಿತ್ಯವಾರ ಓದುವುದು ಅಲ್ಲಿಯೇ. ಯಾರು ಆಸ್ಪತ್ರೆಯಲ್ಲಿದ್ದಾರೆ, ಬುಧವಾರದ ಸ್ತ್ರೀಯರ ಕೂಟ ಯಾರ ಮನೆಯಲ್ಲಿ, ಯುವಜನರು ಸ್ಮಶಾನದ ಹುಲ್ಲು ಕಡಿಯಲು ಎಷ್ಟು ಗಂಟೆಗೆ ಬರಬೇಕು ಎಂಬುದೆಲ್ಲ ಅಲ್ಲಿಯೇ. ಸ್ತ್ರೀಯರ ಕೂಟವೆಂದರೆ ಬರಿಯ ಹಾಡು-ಚಹಾ ಎಂದು ತಿಳಿದವರು ಹಿಡಿ ಅಕ್ಕಿಯ ಡಬ್ಬಿಯನ್ನು ನೋಡಿಲ್ಲ. ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಟ್ಟು ದೇವಾಲಯಕ್ಕೆ ತರುವ ಪದ್ಧತಿ ಅದು. ಆ ಅಕ್ಕಿಯಿಂದ ಯಾರ ಒಲೆ ಉರಿಯುತ್ತದೆಂಬುದನ್ನು ಕೂಟದ ಇಬ್ಬರು ಮೂವರು ಹೆಂಗಸರಲ್ಲದೆ ಬೇರೆ ಯಾರೂ ಅರಿಯರು. ಎಲ್ಲವನ್ನೂ ಆಡಿಕೊಳ್ಳುವ ಅಂಗಳದಲ್ಲಿ ಇದೊಂದು ಮಾತು ಹೊರಬೀಳದಿರುವುದು ಸಣ್ಣ ಸಂಗತಿಯಲ್ಲ.

ಇಂಥ ದೇವಾಲಯದಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗವುಂಟು. ಬರೆದಿಟ್ಟದ್ದಲ್ಲ, ಆದರೂ ಯಾರೂ ತಪ್ಪುವುದಿಲ್ಲ. ಅಣ್ಣನ ಜಾಗ ಮುಂದಿನಿಂದ ಎರಡನೆಯ ಬೆಂಚು, ಕಿಟಕಿಯ ಪಕ್ಕ. ತಮ್ಮನದೂ ಅಲ್ಲಿಯೇ ಇತ್ತು. ತಂದೆ ತೀರಿಕೊಂಡು ಜಾಗ ಪಾಲಾದ ಮೇಲೆ, ಬಾವಿಯ ಪಕ್ಕದ ಏಳೆಂಟು ಅಡಿ ಅಗಲದ ಪಟ್ಟಿಯೊಂದು ಯಾರ ಪಾಲಿನದೆಂಬ ಮಾತು ಬಂದು, ತಮ್ಮ ಬಾಗಿಲ ಬಳಿಯ ಕೊನೆಯ ಬೆಂಚಿಗೆ ಹೋದ. ಇಬ್ಬರೂ ಒಳ್ಳೆಯವರೇ. ಅಣ್ಣ ಸಭೆಯ ಹಿರಿಯರಲ್ಲಿ ಒಬ್ಬರು. ತಮ್ಮ ಆದಿತ್ಯವಾರದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಯೋಸೇಫನ ಕಥೆಯನ್ನು ಕಣ್ಣೀರು ಬರುವಂತೆ ಹೇಳುತ್ತಿದ್ದವನು. ಅಣ್ಣಂದಿರು ತಮ್ಮನನ್ನು ಹೊಂಡಕ್ಕೆ ಹಾಕಿ ಮಾರಿದ ಆ ಕಥೆಗೆ ಈಚೆಗೆ ಅವನ ಬಾಯಲ್ಲಿ ಹೊಸ ರುಚಿ ಬಂದಿದೆಯೆಂದು ಕುಹಕಿಗಳು ಹೇಳುತ್ತಿದ್ದರು.

ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪಿತವಾಯಿತು. ಬೇರೆ ಬೇರೆ ಪ್ರಾಟೆಸ್ಟೆಂಟ್ ಪಂಗಡಗಳು ತಮ್ಮ ಗಡಿಗೋಡೆಗಳನ್ನು ಕೆಡವಿ ಒಂದಾದ ಆ ಸಭೆಗೆ ಮುಂದೆ ಬಾಸೆಲ್ ಮಿಷನ್ನಿನ ಕನ್ನಡ ಸಭೆಗಳೂ ಸೇರಿದವು. ಅದು 1950ರಲ್ಲಿ ರೂಪಿಸಿಕೊಂಡ ಕರ್ತನ ಭೋಜನದ ಕ್ರಮದಲ್ಲಿ ಒಂದು ಸುಂದರವಾದ ಆಚರಣೆಯಿದೆ. ರೊಟ್ಟಿ ಮುರಿಯುವ ಮುನ್ನ ಬಲಿಪೀಠದಿಂದ 'ಸಮಾಧಾನ' ಹೊರಡುತ್ತದೆ. ಒಬ್ಬರು ಮತ್ತೊಬ್ಬರ ಅಂಗೈಯನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದು ಅದನ್ನು ದಾಟಿಸುತ್ತಾರೆ. ಹಾಗೆ ಅದು ಕೈಯಿಂದ ಕೈಗೆ, ಸಾಲುಸಾಲಾಗಿ ಕೊನೆಯವರೆಗೆ ಹೋಗುತ್ತದೆ. ಇಷ್ಟು ದೊಡ್ಡ ಐಕ್ಯವನ್ನು ಸಾಧಿಸಿದ ಸಭೆಗೆ ಏಳೆಂಟು ಅಡಿ ಅಗಲದ ನೆಲ ದೊಡ್ಡದಾಯಿತು. ಎರಡನೆಯ ಬೆಂಚಿನ ಸಮಾಧಾನ ಎರಡನೆಯ ಬೆಂಚಿನಲ್ಲಿ, ಕೊನೆಯ ಬೆಂಚಿನದು ಕೊನೆಯ ಬೆಂಚಿನಲ್ಲಿ. ಆಮೇಲೆ ಜನರೆಲ್ಲ ಎದ್ದು ಮುಂದೆ ಹೋಗುವಾಗ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ತಲೆ ಬಗ್ಗಿಸಿ ಕುಳಿತಿರುತ್ತಿದ್ದರು. ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಡನೆ ಒಂದಾಗಬೇಕೆಂಬ ಸುವಾರ್ತೆಯ ಮಾತನ್ನು ಇಬ್ಬರೂ ಬಲ್ಲವರು. ಒಂದಾಗಲು ಮನಸ್ಸಿಲ್ಲ, ಮನಸ್ಸಿಲ್ಲದೆ ಪಾತ್ರೆಯನ್ನು ಮುಟ್ಟಲು ಧೈರ್ಯವಿಲ್ಲ. ತಿಂಗಳಿಗೊಮ್ಮೆ, ಎಂಟು ತಿಂಗಳು, ಇಡೀ ಸಭೆ ಇದನ್ನು ಕಂಡಿತು. ಕಪಟಿಗಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಅಯ್ಯನವರು ಒಂದು ಗುರುವಾರ ಸಂಜೆ ಅಣ್ಣನ ಮನೆಗೆ ಹೋದರು. ಕಾಫಿ ಬಂತು, ಕುಶಲಪ್ರಶ್ನೆ ಮುಗಿಯಿತು. ಅಯ್ಯನವರು ಬೈಬಲನ್ನು ತೆರೆಯುವಷ್ಟರಲ್ಲಿ ಅಣ್ಣ ಕೈ ಜೋಡಿಸಿ ಹೇಳಿದರು:

"ಅಯ್ಯನವರೇ, ಪ್ರಾರ್ಥನೆ ಮಾಡಿ. ಎಷ್ಟು ಹೊತ್ತಾದರೂ ಮಾಡಿ. ಗಡಿಯ ಮಾತು ಮಾತ್ರ ಬೇಡ."

ಅಯ್ಯನವರು ಮಳೆಬೆಳೆಗಾಗಿ ಪ್ರಾರ್ಥಿಸಿ ಎದ್ದರು.

ಮಳೆ ಬಂತು, ಬೆಳೆಯೂ ಬಂತು. ಸುಗ್ಗಿಯ ಹಬ್ಬದ ಆದಿತ್ಯವಾರವೂ ಬಂತು. ವರ್ಷದ ಆದಿತ್ಯವಾರಗಳಲ್ಲಿ ಇಷ್ಟು ಗಲಾಟೆಯದು ಇನ್ನೊಂದಿಲ್ಲ. ಬೆಳೆದವರು ಬೆಳೆದದ್ದರಲ್ಲಿ ಮೊದಲನೆಯದನ್ನು ತರುತ್ತಾರೆ; ಬೆಳೆಯದವರು ಬೇಯಿಸಿದ್ದನ್ನು ತರುತ್ತಾರೆ. ಭತ್ತದ ಕದಿರು, ಎಳನೀರಿನ ಗೊಂಚಲು, ಸೌತೆಕಾಯಿ, ಬಸಳೆಯ ಕಟ್ಟು, ಕಾಲು ಕಟ್ಟಿದ ಹುಂಜ, ಮೊಟ್ಟೆ, ಕೇಕು ಎಲ್ಲವೂ ಬಲಿಪೀಠದ ಮುಂದೆ ರಾಶಿ ಬೀಳುತ್ತವೆ. ಪ್ರಸಂಗದ ನಡುವೆ ಹುಂಜ ಕೂಗುವುದೂ ಮಕ್ಕಳು ನಗುವುದೂ ವಾಡಿಕೆಗೆ ಸೇರಿದವೇ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಒಂದು ರೂಪಾಯಿಯ ನಿಂಬೆಹಣ್ಣನ್ನು ನೂರು ರೂಪಾಯಿಗೆ ಕೂಗಿ, ಕೊಂಡವರು ಮತ್ತೆ ದೇವಾಲಯಕ್ಕೇ ಕೊಟ್ಟು, ಅದನ್ನು ಇನ್ನೊಮ್ಮೆ ಏಲಂ ಹಾಕಿ, ಹೀಗೆ ನಗುನಗುತ್ತ ಸಭೆಯ ಪೆಟ್ಟಿಗೆ ತುಂಬುತ್ತದೆ.

ಆ ವರ್ಷ ಅಣ್ಣ ತಂದದ್ದು ಒಂದು ಕದಳಿ ಬಾಳೆಯ ಗೊನೆ. ಎಂಟು ಚಿಪ್ಪಿನ ತುಂಬಿದ ಗೊನೆ. ಅದು ಬಾವಿಯ ಪಕ್ಕದ ಪಟ್ಟಿಯ ಬಾಳೆಯದೆಂಬುದು ಹೇಳದೆಯೇ ಎಲ್ಲರಿಗೂ ತಿಳಿಯಿತು. ಅಣ್ಣನ ಮನಸ್ಸಿನಲ್ಲಿ ಏನಿತ್ತು? ದೇವರಿಗೆ ಕೊಟ್ಟುಬಿಟ್ಟರೆ ಜಗಳದ ಪಾಲೇ ಮುಗಿಯುತ್ತದೆಂದೋ, ದೇವರ ಮುಂದೆಯೇ ತನ್ನದೆಂದು ಸಾರಿಬಿಡೋಣವೆಂದೋ? ಪ್ರಾಯಶಃ ಎರಡೂ ಇದ್ದೀತು. ಮನುಷ್ಯನ ಕಾಣಿಕೆಗಳಲ್ಲಿ ಶುದ್ಧವಾದುದು ಕಡಮೆ.

ಏಲಂ ನೂರರಿಂದ ಮೊದಲಾಯಿತು. ಹಿಂದಿನಿಂದ ತಮ್ಮ "ಇನ್ನೂರು" ಎಂದ. ಅಂಗಳದ ನಗು ಒಮ್ಮೆಗೇ ತಗ್ಗಿತು. ಅಣ್ಣ ತಾನು ತಂದದ್ದನ್ನು ತಾನೇ ಕೂಗಿದರು: "ಮುನ್ನೂರು." ಐನೂರಾಯಿತು, ಸಾವಿರವಾಯಿತು. ಉಳಿದವರು ಸುಮ್ಮನಾಗಿ ದಾರಿ ಬಿಟ್ಟರು. ಎರಡು ಸಾವಿರಕ್ಕೆ ಅಣ್ಣನ ಹೆಂಡತಿ ಗಂಡನ ತೋಳು ಹಿಡಿದಳು; ಮೂರು ಸಾವಿರಕ್ಕೆ ತಮ್ಮನ ಮಗಳು ಅಳತೊಡಗಿದಳು. ಸಭೆಯ ಖಜಾಂಚಿ ಮಾತ್ರ ದೇವಾಲಯದ ಸೋರುವ ಮಾಡನ್ನು ನೆನೆದು ಮುಖವನ್ನು ಆದಷ್ಟು ಗಂಭೀರವಾಗಿ ಇಟ್ಟುಕೊಂಡಿದ್ದ. ನಾಲ್ಕು ಸಾವಿರದ ಇನ್ನೂರಕ್ಕೆ ಅಣ್ಣ ಮಾತಾಡಲಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ. ತಮ್ಮ ಗೊನೆಯನ್ನು ಹೆಗಲಿಗೇರಿಸಿ, ಯಾರ ಮುಖವನ್ನೂ ನೋಡದೆ ಗೇಟು ದಾಟಿದ.

ಸಿಟ್ಟಿನಿಂದ ಬಂದ ಹಣ ಕಾಣಿಕೆಯಾಗುತ್ತದೆಯೇ? ಅಯ್ಯನವರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲವಂತೆ. ಆದರೆ ಲೆಕ್ಕದ ಪುಸ್ತಕದಲ್ಲಿ ಸಿಟ್ಟಿಗೆ ಬೇರೆ ಅಂಕಣವಿಲ್ಲ. ನಾಲ್ಕು ಸಾವಿರದ ಇನ್ನೂರು 'ಸುಗ್ಗಿ ಹಬ್ಬದ ಹುಟ್ಟುವಳಿ' ಎಂಬುದರ ಕೆಳಗೆ ಸೇರಿತು.

ಗೆದ್ದ ಗೊನೆಯನ್ನು ಏನು ಮಾಡುವುದೆಂಬ ಪ್ರಶ್ನೆ ತಮ್ಮನ ಮನೆಯಲ್ಲಿ ಎದ್ದದ್ದು ಮೂರು ದಿನಗಳ ಮೇಲೆ. ಬಾಳೆಹಣ್ಣಿಗೆ ಗೆಲುವು ಸೋಲು ತಿಳಿಯದು. ಹಣ್ಣಾಗತೊಡಗಿದರೆ ಒಟ್ಟಿಗೇ ಹಣ್ಣಾಗುತ್ತದೆ. ಮನೆಯಲ್ಲಿರುವವರು ಮೂವರು. ತಮ್ಮನಂತೂ ಒಂದು ಹಣ್ಣನ್ನೂ ಮುಟ್ಟಲಿಲ್ಲ. ಅವನ ಹೆಂಡತಿ ನೆರೆಯವರಿಗೆ ಹಂಚಿದಳು, ಬುಧವಾರದ ಕೂಟಕ್ಕೆ ಒಯ್ದಳು. ಆದರೂ ಎರಡು ಚಿಪ್ಪು ಉಳಿಯಿತು. ಗಂಡ ಪೇಟೆಗೆ ಹೋಗಿದ್ದಾಗ ಅವನ್ನು ಬುಟ್ಟಿಯಲ್ಲಿಟ್ಟು ಮಗಳ ಕೈಯಲ್ಲಿ ಕೊಟ್ಟು, "ದೊಡ್ಡಮ್ಮನಿಗೆ ಕೊಟ್ಟು ಬಾ. ಕೇಳಿದರೆ, ಹಾಳಾಗುತ್ತದೆಂದು ಕೊಟ್ಟರು ಅನ್ನು" ಎಂದಳು.

ದೊಡ್ಡಮ್ಮ ಏನೂ ಕೇಳಲಿಲ್ಲ. ಮಾಗಿದ ಹಣ್ಣನ್ನು ಮೈದಾ ಮೊಸರಿನೊಡನೆ ಕಲಸಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಬನ್ಸ್ ಕರಿದಳು. ಬಂದ ಬುಟ್ಟಿಯನ್ನು ಬರಿದಾಗಿ ಹಿಂದಕ್ಕೆ ಕಳುಹಿಸುವುದು ಆ ಕಡೆ ಯಾವ ಮನೆಯಲ್ಲಿಯೂ ಇಲ್ಲ, ಜಗಳವಿದ್ದರೂ ಇಲ್ಲ. ಹತ್ತು ಬನ್ಸು ಬಾವಿಯ ಪಕ್ಕದ ಪಟ್ಟಿಯನ್ನು ದಾಟಿ ಹೋದವು. ಎಲ್ಲಿಂದ ಬಂತೆಂದು ತಮ್ಮ ಕೇಳಲಿಲ್ಲ; ಅತ್ತಿಗೆಯ ಕೈಯ ರುಚಿ ಹದಿನೆಂಟು ವರ್ಷ ಒಂದೇ ಅಡಿಗೆಮನೆಯಲ್ಲಿ ಉಂಡವನಿಗೆ ತಿಳಿಯದೆ ಇದ್ದೀತೆ? ಮೂರು ತಿಂದನೆಂದು ಹೆಂಡತಿ ಕೂಟದಲ್ಲಿ ಹೇಳಿದಳು.

ಮುಂದಿನ ತಿಂಗಳ ಮೊದಲ ಆದಿತ್ಯವಾರ ಅಣ್ಣ ಎರಡನೆಯ ಬೆಂಚಿನಲ್ಲಿಯೇ ಕುಳಿತಿದ್ದರು, ತಮ್ಮ ಕೊನೆಯ ಬೆಂಚಿನಲ್ಲಿಯೇ. ಸಮಾಧಾನ ತನ್ನ ಎಂದಿನ ದಾರಿಯಲ್ಲಿ ಸಾಗಿತು. ಜನರು ಎದ್ದು ಮುಂದೆ ನಡೆದಾಗ ಅಣ್ಣನೂ ಎದ್ದರು. ಅವರು ಪಾತ್ರೆಯನ್ನು ಮುಟ್ಟಿ ಹಿಂದಿರುಗಿ ಕುಳಿತ ಎಷ್ಟೋ ಹೊತ್ತಿನ ಮೇಲೆ, ಎಲ್ಲರಿಗಿಂತ ಕೊನೆಯಲ್ಲಿ ತಮ್ಮನೂ ಹೋದ. ಇಬ್ಬರೂ ಮಾತಾಡಲಿಲ್ಲ. ಅಂದು ಪ್ರಕಟಣೆಗಳನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೆಂದು ಅಯ್ಯನವರು ದೂರಿದರು.

ಅರ್ಜಿ ಇನ್ನೂ ತಾಲೂಕು ಕಚೇರಿಯಲ್ಲಿದೆ. ಗೊನೆ ಕಡಿದ ಬಾಳೆಯ ಬುಡದಲ್ಲಿ ಎರಡು ಕಂದು ಮೊಳೆತಿವೆ. ಯಾವುದು ಗಡಿಯ ಯಾವ ಕಡೆಯದೆಂಬುದನ್ನು ಭೂಮಾಪಕನು ಬಂದ ಮೇಲೆಯೇ ಹೇಳಬೇಕು. ಅಷ್ಟರತನಕ ಅವುಗಳಿಗೆ ನೀರು ಹಾಕುತ್ತಿರುವುದು ಮಕ್ಕಳು.