ಪಂಪಿಲ್ಲದ ಪಂಪ್‌ವೆಲ್

ಬೆಂಗಳೂರಿನ ಸೌತ್ ಎಂಡ್ ಸರ್ಕಲ್ಲಿಗೆ ಆ ಹೆಸರಿಟ್ಟ ಪುಣ್ಯಾತ್ಮ ಯಾರೋ, ಊರು ಅಲ್ಲಿಗೆ ಮುಗಿಯಿತು ಎಂದು ಗಟ್ಟಿಯಾಗಿ ನಂಬಿದ್ದಿರಬೇಕು. ಈಗ ಅಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ದಕ್ಷಿಣಕ್ಕೆ ಹೊರಟರೆ, ಆ ‘ದಕ್ಷಿಣದ ತುದಿ’ ಕಳೆದ ಮೇಲೂ ಇನ್ನು 10 ನಿಲ್ದಾಣ ಬರುತ್ತವೆ. ಜಯನಗರ, ಬನಶಂಕರಿ, ಕೋಣನಕುಂಟೆ, ತಲಘಟ್ಟಪುರ ಎಲ್ಲ ದಾಟಿ ರೇಷ್ಮೆ ಸಂಸ್ಥೆ ಮುಟ್ಟುವಷ್ಟರಲ್ಲಿ ಸೀಟು ಸಿಕ್ಕವರಿಗೆ ಒಂದು ಕೋಳಿನಿದ್ದೆ ಆಗಿರುತ್ತದೆ. ಹೆಸರು ಮಾತ್ರ ಕದಲಿಲ್ಲ. ಊರು ಬೆಳೆಯಿತು ಅಂತ ತುದಿಯನ್ನು ಎತ್ತಿಕೊಂಡು ಹೋಗಿ ಮುಂದೆ ಇಡುವುದಕ್ಕಾಗುತ್ತದೆಯೆ?

ಊರ ಹೆಸರುಗಳ ಜಾಯಮಾನವೇ ಹಾಗೆ. ಇಟ್ಟ ದಿನ ನಿಜ, ಆಮೇಲೆ ಸುಳ್ಳು; ನನಗೇನೋ ಸುಳ್ಳಾದ ಮೇಲೇ ಅವು ಹೆಚ್ಚು ಹಿಡಿಸುತ್ತವೆ. ಹೊಸಪೇಟೆಯನ್ನೇ ನೋಡಿ. ಕೃಷ್ಣದೇವರಾಯ ಕಟ್ಟಿಸಿದ ಪೇಟೆ, ಐನೂರು ವರ್ಷದ ಮುದುಕ, 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವೂ ಆಯಿತು. ಹೆಸರಿನಲ್ಲಿ ಇನ್ನೂ ಗೃಹಪ್ರವೇಶದ ತೋರಣ ಬಾಡಿಲ್ಲ. ಅತ್ತ ಹೊಯ್ಸಳರ ದೋರಸಮುದ್ರ ಮೆರೆಯುವಷ್ಟು ಕಾಲ ಮೆರೆದು, 1311ರಲ್ಲಿ ಮಲಿಕ್ ಕಾಫರನ ದಾಳಿಗೆ ಸಿಕ್ಕು, ಕೊನೆಗೆ ಹಳೇಬೀಡು ಅನ್ನಿಸಿಕೊಂಡಿತು. ಹೆಸರಿನಲ್ಲಿದ್ದ ಸಮುದ್ರವೂ ಹೋಯಿತು. ಹೊಸದು ಹಳೆಯದಾಗದೆ ಉಳಿದದ್ದು, ಹಳೆಯದು ಹಳೆಯದೆಂದು ಒಪ್ಪಿಕೊಂಡದ್ದು, ಎರಡೂ ನಮ್ಮಲ್ಲೇ ಇವೆ.

ಸಮುದ್ರ ಅಂದೆನಲ್ಲ, ಬೆಂಗಳೂರಿಗೂ ಒಂದು ಅಂಬುಧಿ ಇತ್ತು. ಧರ್ಮಾಂಬುಧಿ ಕೆರೆ. ಅದು ಬತ್ತಿ ಅಲ್ಲಿ ಬಸ್ ನಿಲ್ದಾಣ ಎದ್ದಿತು; ಕೆರೆ ಏರಿಯ ಪಳೆಯುಳಿಕೆಯಾಗಿ ಟ್ಯಾಂಕ್ ಬಂಡ್ ರಸ್ತೆ ಅನ್ನುವ ಹೆಸರು ಪಕ್ಕದಲ್ಲಿ ಉಳಿಯಿತು. ಮಳೆ ಜೋರಾದ ದಿನ ಜಾಗಕ್ಕೆ ತನ್ನ ಪೂರ್ವಾಶ್ರಮದ ನೆನಪು ಬರುವುದುಂಟು. ನಿಲ್ದಾಣದ ಬೋರ್ಡಿನ ಮೇಲೆ ಕೆಂಪೇಗೌಡರಿದ್ದಾರೆ, ಜನರ ಬಾಯಲ್ಲಿ ಮೆಜೆಸ್ಟಿಕ್ ಇದೆ. ಹಾಗಂತ ಕರೆಯಲು ಕಾರಣವಾದ ಮೆಜೆಸ್ಟಿಕ್ ಟಾಕೀಸು ಎಂದೋ ನೆಲಸಮವಾಗಿದೆ. ‘ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಒಂದು ಕೊಡಿ’ ಎಂದು ಕೇಳಿ ನೋಡಿ. ಕಂಡಕ್ಟರ್ ನಿಮ್ಮ ಮುಖವನ್ನೊಮ್ಮೆ ನೋಡಿ, ‘ಎಲ್ಲಿ, ಮೆಜೆಸ್ಟಿಕ್ಕಾ?’ ಎಂದು ತಿದ್ದಿಯೇ ಟಿಕೆಟ್ ಹರಿಯುತ್ತಾನೆ. ಮೆಟ್ರೊದವರು ಬುದ್ಧಿವಂತರು, ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’ ಎಂದು ಎರಡನ್ನೂ ಬರೆಸಿ ಕೈತೊಳೆದುಕೊಂಡರು.

ಮಂಗಳೂರಿನ ಪಂಪ್‌ವೆಲ್ ಇನ್ನೂ ಸ್ವಾರಸ್ಯ. ಊರಿಗೆ ನೀರೆತ್ತುತ್ತಿದ್ದ ಬಾವಿಯ ಹೆಸರದು. ನಡುವೆ ಮಹಾವೀರ ವೃತ್ತ ಅಂತ ನಾಮಕರಣವಾಯಿತು, ಕಲಶವೂ ಕೂತಿತು; ಬಸ್ಸಿನವರು ‘ಪಂಪ್‌ವೆಲ್, ಪಂಪ್‌ವೆಲ್’ ಬಿಡಲಿಲ್ಲ. ಆಮೇಲೆ ಮೇಲ್ಸೇತುವೆ ಕೆಲಸ ಶುರುವಾಗಿ ಅದು ಮುಗಿಯದೆ, ವರ್ಷಗಟ್ಟಲೆ ಊರಿನವರ ಜೋಕಿಗೆ ಬಂಡವಾಳವಾಯಿತು. 2020ರ ಜನವರಿಯ ಕೊನೆಯಲ್ಲಿ ಸೇತುವೆ ಉದ್ಘಾಟನೆಯಾದಾಗ ಒಂದಷ್ಟು ಜನಕ್ಕೆ ಬೇಜಾರೂ ಆಗಿರಬೇಕು, ಇನ್ನು ಯಾವುದರ ಮೇಲೆ ಜೋಕು ಮಾಡುವುದು ಅಂತ. ಅದೇ ಊರಿನ ಸಿಟಿ ಬಸ್ಸುಗಳ ಬಾಗಿಲಲ್ಲಿ ಜೋತುಬಿದ್ದು ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗುವುದು ಕೇಳಿದರೆ, ಹೊಸಬರಿಗೆ ಇಡೀ ಮಂಗಳೂರು ಬೆಳಗಾಗೆದ್ದು ದುಡ್ಡು ಕಟ್ಟಲು ಹೊರಟಿದೆ ಅನ್ನಿಸಬೇಕು.

ಪ್ರಾಣಿಗಳ ಊರುಗಳು ಬೇಕಾದಷ್ಟಿವೆ, ಪಟ್ಟಿ ಮಾಡಹೊರಟರೆ ಮೃಗಾಲಯ ಆದೀತು. ಚೇಳೂರಿನವರೊಡನೆ ಬೀಗತನಕ್ಕೆ ಹೊರಟವರಿಗೆ ಗೆಳೆಯರು ಎಚ್ಚರಿಕೆ ಹೇಳುವುದು ಬಿಡುವುದಿಲ್ಲ. ಹಾಸನದ ಹತ್ತಿರ ಮೊಸಳೆ ಅನ್ನುವ ಊರಿಗೆ ಹೋದರೆ ಕಾಣುವುದು ಹೊಯ್ಸಳರ ಜೋಡಿ ದೇವಸ್ಥಾನ. ಇನ್ನು ತುಮಕೂರು ಜಿಲ್ಲೆಯ ಗುಬ್ಬಿ. ಆ ಊರಲ್ಲಿ ಹುಟ್ಟಿದ ನಾಟಕ ಮಂಡಳಿಗೆ ಚನ್ನಬಸವೇಶ್ವರ ಸ್ವಾಮಿಯ ಕೃಪೆಯನ್ನೆಲ್ಲ ಸೇರಿಸಿದ ಉದ್ದನೆಯ ಹೆಸರಿತ್ತು. ಜನಕ್ಕೆ ಅದು ಗುಬ್ಬಿ ಕಂಪನಿ. ಆ ಗುಬ್ಬಿಯ ವೀರಣ್ಣನವರು ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆಗಳನ್ನೇ ತಂದರು.

ಬೆಂಗಳೂರು ಪೇಟೆಯೊಳಗೆ ಮಾಮೂಲ್‌ಪೇಟೆ ಅಂತಲೂ ಒಂದಿದೆ. ಹೆಸರು ಕೇಳಿ, ಅಲ್ಲಿ ಯಾವ ಸರ್ಕಾರಿ ಕಚೇರಿ ಇದೆ ಎಂದು ವಿಚಾರಿಸಬೇಡಿ. ಅಲ್ಲಿರುವುದು ಅಂಗಡಿಸಾಲು, ಇಕ್ಕಟ್ಟು, ಮೂಟೆ ಹೊತ್ತವರು. ಅಲ್ಲಿಂದ ಸ್ವಲ್ಪ ದೂರದಲ್ಲಿ ಅರಳೇಪೇಟೆ, ಕಾಟನ್‌ಪೇಟೆ. ಎರಡೂ ಹತ್ತಿಯೇ, ಒಂದು ಕನ್ನಡದ ಹತ್ತಿ, ಇನ್ನೊಂದು ಇಂಗ್ಲಿಷಿನದು.

ವಾರದ ಲೆಕ್ಕಕ್ಕೆ ಬಂದರೆ ಕೊಡಗಿನವರು ಸೋಮವಾರಪೇಟೆ, ಶನಿವಾರಸಂತೆ ಎಂದು ವಾರದ ಎರಡು ಕೊನೆ ಹಿಡಿದುಕೊಂಡು ಸುಮ್ಮನಾದರು. ಬೆಳಗಾವಿಯವರು ಹಾಗಲ್ಲ. ಸೋಮವಾರ ಪೇಟೆ, ಮಂಗಳವಾರ ಪೇಟೆ, ಬುಧವಾರ ಪೇಟೆ, ಗುರುವಾರ ಪೇಟೆ, ಶುಕ್ರವಾರ ಪೇಟೆ, ಶನಿವಾರ ಖೂಟ, ರವಿವಾರ ಪೇಟೆ. ಇಡೀ ಕ್ಯಾಲೆಂಡರನ್ನೇ ಊರಿನೊಳಗೆ ಹಾಸಿಬಿಟ್ಟಿದ್ದಾರೆ. ‘ಶುಕ್ರವಾರ ಪೇಟ್ಯಾಗ ಮನಿ ಐತ್ರಿ, ಬುಧವಾರ ಬರ್ರಿ’ ಅಂದರೆ ಪರಊರಿನವ ಎಲ್ಲಿಗೆ, ಯಾವತ್ತು ಹೋಗಬೇಕು? ಸೋಮವಾರ ಪೇಟೆಯಿಂದ ಮಂಗಳವಾರ ಪೇಟೆಗೆ ಒಂದು ದಿನ ಹಿಡಿಯುವುದಿಲ್ಲ ಅನ್ನುವುದಷ್ಟೇ ಸಮಾಧಾನ.

ಹೆಸರಿನ ಉದ್ದಕ್ಕೆ ಹುಬ್ಬಳ್ಳಿ ರೈಲು ನಿಲ್ದಾಣ ಸಾಕು. 2020ರಿಂದ ಅದು ‘ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣ, ಹುಬ್ಬಳ್ಳಿ’. ಅಷ್ಟು ಹೆಸರಿಗೆ ಜಾಗ ಬೇಕಲ್ಲ, 2023ರಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮೂ ಬಂತು. ಅಲ್ಲಿಂದ ಮುಂದಕ್ಕೆ ಹೋದರೆ ಗದಗ. ಮೂರೇ ಅಕ್ಷರ. ಎಡದಿಂದ ಓದಿದರೂ ಗದಗ, ಬಲದಿಂದ ಓದಿದರೂ ಗದಗ. ರೈಲಿನಲ್ಲಿ ಹಿಮ್ಮುಖವಾಗಿ ಕೂತವರಿಗೂ ತೊಂದರೆಯಿಲ್ಲ.

2014ರ ರಾಜ್ಯೋತ್ಸವದಂದು 12 ಊರುಗಳ ಇಂಗ್ಲಿಷ್ ಹೆಸರು ತಿದ್ದಿದ್ದು ಒಳ್ಳೆಯ ಕೆಲಸ, ಹೆಚ್ಚಿನವಕ್ಕೆ ಜನ ಅನ್ನುತ್ತಿದ್ದುದನ್ನೇ ಬರೆದರು. ರಾಮನಗರದ ಕತೆ ಬೇರೆ. ಟಿಪ್ಪುವಿನ ಕಾಲಕ್ಕೆ ಶಂಸೇರಾಬಾದು, ಕಂಪನಿಯ ಅಧಿಕಾರಿ ಬ್ಯಾರಿ ಕ್ಲೋಸನಿಂದಾಗಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. ಇಲ್ಲಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಅವನ್ನು ಇವತ್ತಿಗೂ ಕರೆಯುವುದು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ. ಮೊನ್ನೆ ಹುಟ್ಟಿದ ಸಾಹೇಬನ ಹೆಸರು ಅಂಥ ಹಿರಿಯರಿಗೆ! 2025ರಲ್ಲಿ ಜಿಲ್ಲೆ ‘ಬೆಂಗಳೂರು ದಕ್ಷಿಣ’ ಆಯಿತು. ಆದರೆ ಬೆಂಗಳೂರು ದಕ್ಷಿಣ ಅನ್ನುವ ಲೋಕಸಭಾ ಕ್ಷೇತ್ರ ಇರುವುದು ಜಯನಗರ, ಬಸವನಗುಡಿಯ ಕಡೆ. ಬೆಂಗಳೂರು ದಕ್ಷಿಣ ಜಿಲ್ಲೆಯ ರಾಮನಗರದವರು ಲೋಕಸಭೆಗೆ ಓಟು ಹಾಕುವುದು ಬೆಂಗಳೂರು ಗ್ರಾಮಾಂತರಕ್ಕೆ. ಅವರಿಗೆ ಮದುವೆಯ ಕರೆಯೋಲೆ ಕಳಿಸುವವರು ದಯವಿಟ್ಟು ಪಿನ್‌ಕೋಡ್ ಮರೆಯಬೇಡಿ.