ಸ್ವರ ಕೇಳಿ ಬಾಗಿಲು ತೆರೆಯೋಣ



ಮೆಲ್ಕಾರಿನ ನಮ್ಮ ಮನೆಯ ಬಾಗಿಲನ್ನು ರಾತ್ರಿ ಯಾರಾದರೂ ತಟ್ಟಿದರೆ, 'ಯಾರು?' ಎಂದು ಕೇಳದೆ ನಾವು ತೆರೆಯುವುದಿಲ್ಲ. ಆದರೆ ಕೊಲ್ಲಿ ದೇಶದಲ್ಲಿರುವ ತಮ್ಮನ ಹೆಸರಿನಲ್ಲಿ ಇ-ಮೇಲ್ ಬಂದಾಗ ನಾನು ಏನನ್ನೂ ಕೇಳಲಿಲ್ಲ. 'ಫೋಟೊ ನೋಡು' ಎಂಬ ಒಂದೇ ಸಾಲನ್ನು ನಂಬಿ ಲಗತ್ತನ್ನು ತೆರೆದೆ. ಫೋಟೊ ಇರಲಿಲ್ಲ. ಮರುದಿನ ಅದೇ ಪತ್ರ ನನ್ನ ಹೆಸರಿನಲ್ಲಿ ಬಂಧುಗಳಿಗೆಲ್ಲ ಹೋಗಿತ್ತು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದೆ. ಅಷ್ಟರಲ್ಲಿ ಇನ್ನಿಬ್ಬರು ನನ್ನನ್ನು ನಂಬಿ ಅದನ್ನು ತೆರೆದಿದ್ದರು.

2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಲೋಕಕ್ಕೆಲ್ಲ ಹಬ್ಬಿದ 'ಐ ಲವ್ ಯೂ' ವೈರಸ್ ಕೂಡ ಪ್ರೇಮಪತ್ರದ ವೇಷದಲ್ಲಿ ಹೀಗೆಯೇ ಮನೆಯಿಂದ ಮನೆಗೆ ದಾಟಿತ್ತು. ಇಂದು ಮದುವೆಯ ಕರೆಯೋಲೆಯೆಂದು ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತವು ಬ್ಯಾಂಕಿನ ಒಟಿಪಿಯನ್ನೇ ಕದಿಯಬಲ್ಲದು.

ಒಳ್ಳೆಯ ಕುರುಬನ ಸಾಮತಿ ಸ್ವರವನ್ನು ಗುರುತಿಸಲು ನಮಗೆ ಕಲಿಸುತ್ತದೆ. ಹೆಸರು ಕಂಡರೆ ಸಾಲದು. ತೆರೆಯುವ ಮುನ್ನ ಫೋನ್ ಮಾಡಿ ಸ್ವರ ಕೇಳೋಣ. ಮೋಸಹೋಗಿ ಹಣ ಕಳೆದುಕೊಂಡರೆ ಕೂಡಲೇ 1930ಕ್ಕೆ ಕರೆ ಮಾಡೋಣ, ನೆರೆಯವರನ್ನೂ ಎಚ್ಚರಿಸೋಣ. ಮೋಸಹೋದದ್ದು ಪಾಪವಲ್ಲ, ನನ್ನ ತಪ್ಪು ಆ ಎರಡು ದಿನಗಳ ಮೌನ.